ತಳ್ಳದೆ ಹಿಡಿಯುವುದು: ಬಾಹ್ಯಾಕಾಶದ ಕಸ ಮತ್ತು ಹಲ್ಲಿಯ ಪಾದ

ಈ ಮೇಜಿನ ಮೇಲೆ ಒಂದು ಟಬ್ ಇದೆ, ನೋಡಿ. ತುಂಬ ನೀರು. ನೀರಿನ ಮೇಲೆ ಒಂದು ಪ್ಲಾಸ್ಟಿಕ್ ಚೆಂಡು ತೇಲುತ್ತಿದೆ. ಮುಂದಿನ ಸಾಲಿನಿಂದ ಯಾರಾದರೂ ಒಬ್ಬರು ಬನ್ನಿ. ಕೆಲಸ ಇಷ್ಟೇ. ಒಂದೇ ಒಂದು ಬೆರಳಿನಿಂದ ಈ ಚೆಂಡನ್ನು ಹಿಡಿಯಬೇಕು.

ಬೆರಳು ತಾಗಿತು, ಚೆಂಡು ಆಚೆ ಹೋಯಿತು. ಇನ್ನೊಂದು ಸಲ ನೋಡಿ. ಈಗ ಇನ್ನೂ ದೂರ ಹೋಯಿತು, ಜೊತೆಗೆ ಗಿರಗಿರ ತಿರುಗುವುದಕ್ಕೂ ಶುರುಮಾಡಿತು. ಮೂರನೇ ಸಲ ಅದನ್ನು ಟಬ್ಬಿನ ಗೋಡೆಗೆ ಒತ್ತಿ ಹಿಡಿದುಬಿಟ್ಟಿರಿ. ಜಾಣತನ! ಆದರೆ ಬಾಹ್ಯಾಕಾಶದಲ್ಲಿ ಒತ್ತಿ ಹಿಡಿಯುವುದಕ್ಕೆ ಗೋಡೆ ಇಲ್ಲ. ಚೆಂಡನ್ನು ನಿಧಾನ ಮಾಡುವ ನೀರೂ ಇಲ್ಲ. ಒಮ್ಮೆ ತಳ್ಳಿದರೆ ಅದು ಹೋಗುತ್ತಲೇ ಇರುತ್ತದೆ. ತಳ್ಳಿದ ನೀವೂ ಹಿಂದಕ್ಕೆ ಹೋಗುತ್ತಲೇ ಇರುತ್ತೀರಿ.

ಈಗ ಆ ಚೆಂಡಿನ ಜಾಗದಲ್ಲಿ ಒಂದು ಬಸ್ಸಿನಷ್ಟು ದೊಡ್ಡ ಸತ್ತ ಉಪಗ್ರಹವನ್ನು ಇಟ್ಟುಕೊಳ್ಳಿ. ಅದನ್ನು ಹಿಡಿಯುವುದು ಹೇಗೆ ಅನ್ನುವುದೇ ಇವತ್ತಿನ ಮಾತು. ಇದಕ್ಕೆ ನನಗೆ ಸಿಕ್ಕಿರುವ ಅತ್ಯಂತ ಚಂದದ ಉತ್ತರಗಳು ಹಲ್ಲಿಯ ಪಾದದಲ್ಲಿ, ಜೇಡದ ಕಾಲಿನಲ್ಲಿ, ಪುಟ್ಟ ಹುಳದ ರೆಕ್ಕೆಯಲ್ಲಿ ಇವೆ.

ಮೊದಲು ಕಸದ ಕಥೆ. 1957ರಲ್ಲಿ ಸ್ಪುಟ್ನಿಕ್ ಮೇಲೆ ಹೋಯಿತು. ಆಮೇಲೆ ನಾವು ಕಳಿಸುತ್ತಲೇ ಇದ್ದೇವೆ. ಕೆಲಸ ಮುಗಿದ ಉಪಗ್ರಹಗಳು, ರಾಕೆಟ್ಟಿನ ಖಾಲಿ ಹಂತಗಳು, ಬೋಲ್ಟುಗಳು, ಉದುರಿದ ಬಣ್ಣದ ಚೂರುಗಳು, ಎಲ್ಲವೂ ಅಲ್ಲೇ ಉಳಿದವು. 1958ರಲ್ಲಿ ಅಮೆರಿಕ ಕಳಿಸಿದ ವ್ಯಾನ್‌ಗಾರ್ಡ್-1 ಅನ್ನುವ ಪುಟ್ಟ ಗೋಳ ಇವತ್ತಿಗೂ ಮೇಲೆ ಸುತ್ತುತ್ತಿದೆ. ಅದರ ರೇಡಿಯೊ ಸುಮ್ಮನಾಗಿ 60 ವರ್ಷ ದಾಟಿತು. ಯುರೋಪಿಯನ್ ಬಾಹ್ಯಾಕಾಶ ಸಂಸ್ಥೆಯ ಅಂದಾಜಿನ ಪ್ರಕಾರ 1 ಸೆಂಟಿಮೀಟರಿನಿಂದ 10 ಸೆಂಟಿಮೀಟರ್ ವರೆಗಿನ ಚೂರುಗಳೇ 10 ಲಕ್ಷಕ್ಕೂ ಜಾಸ್ತಿ ಇವೆ. ಅದಕ್ಕಿಂತ ಸಣ್ಣವು 10 ಕೋಟಿ ಮೀರುತ್ತವೆ.

ಸಣ್ಣ ಚೂರಿಗೆ ಯಾಕೆ ಹೆದರಬೇಕು ಅಂತ ನೀವು ಕೇಳಬಹುದು. ಕೆಳ ಕಕ್ಷೆಯಲ್ಲಿ ಎಲ್ಲವೂ ಸೆಕೆಂಡಿಗೆ ಸುಮಾರು 7.5 ಕಿಲೋಮೀಟರ್ ವೇಗದಲ್ಲಿ ಓಡುತ್ತವೆ. ಬಂದೂಕಿನ ಗುಂಡು ಸೆಕೆಂಡಿಗೆ ಒಂದು ಕಿಲೋಮೀಟರ್ ಹೋದರೆ ಹೆಚ್ಚು. ಎರಡು ವಸ್ತುಗಳು ಬೇರೆ ಬೇರೆ ದಿಕ್ಕಿನಿಂದ ಬಂದು ಡಿಕ್ಕಿ ಹೊಡೆದರೆ ಅವುಗಳ ನಡುವಿನ ವೇಗ ಇನ್ನೂ ಜಾಸ್ತಿ. 2021ರಲ್ಲಿ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದ ರೋಬಾಟ್ ತೋಳಿನಲ್ಲಿ ಒಂದು ತೂತು ಕಾಣಿಸಿತು. ಯಾವುದೋ ಸಣ್ಣ ಚೂರು ಬಡಿದು ಹೋಗಿತ್ತು.

1978ರಲ್ಲಿ ಡೊನಾಲ್ಡ್ ಕೆಸ್ಲರ್ ಮತ್ತು ಬರ್ಟನ್ ಕೂರ್-ಪಲೈ ಅನ್ನುವ ಇಬ್ಬರು ವಿಜ್ಞಾನಿಗಳು ಒಂದು ಲೆಕ್ಕ ಹಾಕಿದರು. ಒಂದು ಡಿಕ್ಕಿಯಿಂದ ಸಾವಿರಾರು ಚೂರು. ಆ ಚೂರುಗಳಿಂದ ಇನ್ನಷ್ಟು ಡಿಕ್ಕಿ. ಆ ಡಿಕ್ಕಿಗಳಿಂದ ಮತ್ತೆ ಚೂರು. ಒಂದು ಹಂತ ದಾಟಿದರೆ ನಾವು ಹೊಸದಾಗಿ ಏನೂ ಕಳಿಸದಿದ್ದರೂ ಕಸ ತಾನೇ ಬೆಳೆಯುತ್ತದೆ. 2009ರ ಫೆಬ್ರವರಿ 10ರಂದು ಅಂಥ ಒಂದು ಡಿಕ್ಕಿ ನಡೆದೇಹೋಯಿತು. ಇರಿಡಿಯಂ-33 ಅನ್ನುವ ಕೆಲಸ ಮಾಡುತ್ತಿದ್ದ ಉಪಗ್ರಹಕ್ಕೆ ಕಾಸ್ಮೋಸ್-2251 ಅನ್ನುವ ಸತ್ತ ಉಪಗ್ರಹ ಬಡಿಯಿತು. ಸೈಬೀರಿಯಾದ ಮೇಲೆ, ಸುಮಾರು 790 ಕಿಲೋಮೀಟರ್ ಎತ್ತರದಲ್ಲಿ. ಎರಡೂ ಪುಡಿಯಾದವು. ನೆಲದಿಂದ ಗುರುತಿಸುವಷ್ಟು ದೊಡ್ಡ ಚೂರುಗಳೇ 2,000ಕ್ಕಿಂತ ಜಾಸ್ತಿ ಆದವು.

ಇಲ್ಲಿ ಒಂದು ವಿಷಯ ಗಮನಿಸಿ. ಚೂರುಗಳು ಹುಟ್ಟುವುದು ದೊಡ್ಡ ವಸ್ತುಗಳಿಂದ. ಹಾಗಾಗಿ ಮೊದಲು ತೆಗೆಯಬೇಕಾದ್ದು ಸತ್ತ ದೊಡ್ಡ ಉಪಗ್ರಹಗಳನ್ನು, ರಾಕೆಟ್ ಹಂತಗಳನ್ನು. ಅವು ಇನ್ನೂ ಒಡೆಯದ ಮಡಕೆಗಳು. ಒಡೆದ ಮೇಲೆ ಚೂರು ಆರಿಸುತ್ತಾ ಕೂರುವುದಕ್ಕಿಂತ ಮಡಕೆಯನ್ನೇ ಎತ್ತಿ ಈಚೆಗಿಡುವುದು ಲೇಸು, ಅಲ್ವಾ?

ಅಷ್ಟು ವೇಗದಲ್ಲಿ ಓಡುವ ವಸ್ತುವನ್ನು ಹಿಡಿಯುವುದಾದರೂ ಹೇಗೆ ಅಂತ ಬಹಳ ಜನ ಕೇಳುತ್ತಾರೆ. ನಿಜ ಹೇಳಬೇಕೆಂದರೆ ವೇಗ ಇಲ್ಲಿ ದೊಡ್ಡ ತೊಡಕಲ್ಲ. ಅಕ್ಕಪಕ್ಕದ ಹಳಿಯಲ್ಲಿ ಎರಡು ರೈಲು ಒಂದೇ ದಿಕ್ಕಿಗೆ ಒಂದೇ ವೇಗದಲ್ಲಿ ಹೋಗುತ್ತಿವೆ ಅಂತ ಇಟ್ಟುಕೊಳ್ಳಿ. ಈ ಕಿಟಕಿಯಲ್ಲಿ ಕೂತವರಿಗೆ ಆ ಕಿಟಕಿಯವರು ನಿಂತ ಹಾಗೆ ಕಾಣುತ್ತಾರೆ. ಕೈ ಚಾಚಿ ಪುಸ್ತಕ ಕೊಡಬಹುದು. ಹಿಡಿಯಲು ಹೋಗುವ ನೌಕೆಯೂ ಅದೇ ಕಕ್ಷೆಗೆ ಸೇರಿ, ಅದೇ ವೇಗಕ್ಕೆ ಬಂದು, ನಿಧಾನವಾಗಿ ಪಕ್ಕಕ್ಕೆ ಸರಿಯುತ್ತದೆ. ನಿಜವಾದ ಕಷ್ಟ ಶುರುವಾಗುವುದು ಕೊನೆಯ ಒಂದು ಮೀಟರಿನಲ್ಲಿ. ಅಂದರೆ ಈ ಟಬ್ಬಿನಲ್ಲಿ.

ಸತ್ತ ಉಪಗ್ರಹಕ್ಕೆ ಹಿಡಿ ಇಲ್ಲ. ಅದನ್ನು ಮಾಡಿದವರು ಯಾರೋ ಒಂದು ದಿನ ಹಿಡಿಯಲು ಬರುತ್ತಾರೆ ಅಂತ ಯೋಚಿಸಿಯೇ ಇರಲಿಲ್ಲ. ನುಣುಪಾದ ಸೌರಫಲಕ, ಬಿಸಿಲಿಗೆ ಜೀರ್ಣವಾದ ತೆಳು ಹೊದಿಕೆ, ಉರುಟು ಟ್ಯಾಂಕು. ಅದು ಸುಮ್ನೆ ನಿಂತಿರುವುದೂ ಇಲ್ಲ, ಬುಗುರಿಯ ಹಾಗೋ ಪಲ್ಟಿ ಹೊಡೆಯುತ್ತಲೋ ತಿರುಗುತ್ತಿರುತ್ತದೆ. ಅಯಸ್ಕಾಂತ ಹಿಡಿಯೋಣ ಅಂದರೆ ಬಹುಪಾಲು ಮೈ ಅಲ್ಯೂಮಿನಿಯಂ, ಅಂಟುವುದಿಲ್ಲ. ಸಾಮಾನ್ಯ ಅಂಟು ಬಳಸೋಣ ಅಂದರೆ ಚಳಿಗೆ ಗಟ್ಟಿಯಾಗುತ್ತದೆ, ನಿರ್ವಾತದಲ್ಲಿ ಅದರ ಅಂಶಗಳು ಆವಿಯಾಗುತ್ತವೆ. ಇನ್ನೂ ಒಂದು ತೊಡಕು ಇದೆ. ಅಂಟು ಹಿಡಿಯಬೇಕಾದರೆ ಒತ್ತಬೇಕು. ಒಂದು ಟೇಪಿನ ತುಂಡನ್ನು ಸುಮ್ನೆ ಮುಟ್ಟಿಸಿ ನೋಡಿ, ಸರಿಯಾಗಿ ಹಿಡಿಯುವುದಿಲ್ಲ. ಹೆಬ್ಬೆರಳಿನಿಂದ ಉಜ್ಜುತ್ತೇವೆ. ತೇಲುವ ಉಪಗ್ರಹದ ಮೇಲೆ ಹಾಗೆ ಉಜ್ಜಿದರೆ ಅದು ಟಬ್ಬಿನ ಚೆಂಡಿನಂತೆ ಹೊರಟುಹೋಗುತ್ತದೆ.

ನಮಗೆ ಬೇಕಾದ್ದು ಒತ್ತದೆ ಹಿಡಿಯುವ ಕೈ. ಸಾಧ್ಯವಾದರೆ ಬೇಕಾದಾಗ ಬಿಡುವ ಕೈ.

ನಮ್ಮ ಕಿಟಕಿಯ ಗಾಜಿನ ಆಚೆ ಬದಿಯಲ್ಲಿ ಬೆಳಕಿಗೆ ಹುಳ ಬರುತ್ತವೆ. ಹುಳದ ಹಿಂದೆ ಹಲ್ಲಿ ಬರುತ್ತದೆ. ಒಂದು ರಾತ್ರಿ ನಾನು ಟಾರ್ಚ್ ಹಿಡಿದು ಗಾಜಿನ ಈಚೆ ಕಡೆಯಿಂದ ಅದರ ಪಾದವನ್ನೇ ನೋಡುತ್ತಾ ನಿಂತೆ. ಗಾಜಿನ ಮೂಲಕ ಪಾದದ ಅಡಿ ಚೆನ್ನಾಗಿ ಕಾಣುತ್ತದೆ. ಪ್ರತಿ ಬೆರಳಿನ ಅಡಿಯಲ್ಲೂ ಎರಡು ಸಾಲು ಬಿಳಿ ಪಟ್ಟಿಗಳು, ಎಲೆಯ ನರಗಳ ಹಾಗೆ. ಹಲ್ಲಿ ಹೆಜ್ಜೆ ಎತ್ತುವಾಗ ಏನು ಮಾಡುತ್ತದೆ ಗೊತ್ತಾ? ನಾವು ಹಿಮ್ಮಡಿ ಎತ್ತುವ ಹಾಗೆ ಅಲ್ಲ. ಬೆರಳಿನ ತುದಿಯನ್ನು ಮೊದಲು ಮೇಲಕ್ಕೆ ಸುರುಳಿ ಸುತ್ತುತ್ತದೆ. ಚಾಪೆ ಸುತ್ತಿದ ಹಾಗೆ ತುದಿಯಿಂದ ಬುಡಕ್ಕೆ ಬಿಡಿಸಿಕೊಳ್ಳುತ್ತದೆ. ಇಡುವಾಗ ಮತ್ತೆ ಹಾಸುತ್ತದೆ. ಇದೆಲ್ಲ ಕಣ್ಣು ಮಿಟುಕಿಸುವಷ್ಟರಲ್ಲಿ. ನಾನು ಒಂದು ಗಂಟೆ ನಿಂತು ನೋಡಿದ ಮೇಲೆ ಇಷ್ಟು ಕಂಡಿತು. ನೀವೂ ಇವತ್ತು ರಾತ್ರಿ ನೋಡಿ.

ಆ ಪಟ್ಟಿಗಳಲ್ಲಿ ಇರುವುದು ಕೂದಲು. ಟೋಕೆ ಅನ್ನುವ ದೊಡ್ಡ ಜಾತಿಯ ಹಲ್ಲಿಯ ಒಂದೊಂದು ಪಾದದಲ್ಲಿ ಸುಮಾರು 5 ಲಕ್ಷ ಕೂದಲು. ಒಂದು ಕೂದಲಿನ ಉದ್ದ ನಮ್ಮ ತಲೆಗೂದಲಿನ ದಪ್ಪದಷ್ಟು ಮಾತ್ರ. ಪ್ರತಿ ಕೂದಲಿನ ತುದಿಯೂ ನೂರಾರು ಕವಲಾಗಿ ಒಡೆದಿದೆ. ಕವಲಿನ ತುದಿಯಲ್ಲಿ ಚಪ್ಪಟೆಯಾದ ಒಂದು ಪುಟ್ಟ ಸೌಟು. ಅದರ ಅಗಲ ಸುಮಾರು 200 ನ್ಯಾನೋಮೀಟರ್. ಇದು ಬೆಳಕಿನ ತರಂಗದ ಉದ್ದಕ್ಕಿಂತಲೂ ಕಡಿಮೆ. ಅದಕ್ಕೇ ಮಾಮೂಲಿ ಸೂಕ್ಷ್ಮದರ್ಶಕದಲ್ಲಿ ಅದನ್ನು ಬಿಡಿಬಿಡಿಯಾಗಿ ನೋಡಲು ಆಗುವುದಿಲ್ಲ.

ಇಷ್ಟು ಸಣ್ಣದಾದಾಗ ಒಂದು ಸೊಗಸಾದ ಸಂಗತಿ ನಡೆಯುತ್ತದೆ. ಯಾವ ಎರಡು ವಸ್ತುಗಳ ಅಣುಗಳ ನಡುವೆಯೂ ಒಂದು ತೀರಾ ಸಣ್ಣ ಸೆಳೆತ ಇರುತ್ತದೆ. ವ್ಯಾನ್ ಡರ್ ವಾಲ್ಸ್ ಬಲ ಅನ್ನುತ್ತಾರೆ. ನನ್ನ ಅಂಗೈಗೂ ಈ ಮೇಜಿಗೂ ನಡುವೆ ಅದು ಇದೆ. ಆದರೆ ನಮಗೆ ಗೊತ್ತಾಗುವುದಿಲ್ಲ. ಯಾಕೆಂದರೆ ಅಂಗೈಯೂ ಮೇಜೂ ಆ ಅಳತೆಯಲ್ಲಿ ಬೆಟ್ಟಗುಡ್ಡಗಳ ಹಾಗೆ ಉಬ್ಬುತಗ್ಗು. ಶಿಖರಕ್ಕೆ ಶಿಖರ ತಾಗುತ್ತದೆ, ಉಳಿದ ಜಾಗವೆಲ್ಲ ಖಾಲಿ. ಹಲ್ಲಿಯ ಕೋಟ್ಯಂತರ ಸೌಟುಗಳು ಪ್ರತಿ ತಗ್ಗಿಗೂ ಹೋಗಿ ಒರಗುತ್ತವೆ. ಸಣ್ಣ ಸೆಳೆತಗಳೆಲ್ಲ ಕೂಡಿ ದೊಡ್ಡ ಹಿಡಿತವಾಗುತ್ತದೆ. 2000ನೇ ಇಸವಿಯಲ್ಲಿ ಕೆಲ್ಲರ್ ಆಟಮ್ ಮತ್ತು ಸಂಗಡಿಗರು ಒಂದೇ ಒಂದು ಕೂದಲಿನ ಹಿಡಿತವನ್ನು ಅಳೆದರು. ಆ ಅಳತೆಯಂತೆ ಟೋಕೆ ಹಲ್ಲಿಯ ಎಲ್ಲ ಕೂದಲೂ ಒಟ್ಟಿಗೆ ಹಿಡಿದರೆ 130 ಕಿಲೋ ತೂಕ ತಡೆಯಬಹುದು ಅಂತ ಲೆಕ್ಕ ಬರುತ್ತದೆ. ಎರಡು ವರ್ಷದ ನಂತರ ಅದೇ ತಂಡ ಈ ಹಿಡಿತಕ್ಕೆ ನೀರಿನ ಪಸೆ ಬೇಕಿಲ್ಲ, ಅಂಟೂ ಬೇಕಿಲ್ಲ ಅಂತ ತೋರಿಸಿತು.

2000ದ ಆ ಅಳತೆಯ ಪ್ರಯೋಗದಲ್ಲೇ ಇನ್ನೊಂದು ಕಂಡಿತು. ನನಗೆ ಅದು 130 ಕಿಲೋಗಿಂತ ದೊಡ್ಡ ಸುದ್ದಿ. ಕೂದಲನ್ನು ಸುಮ್ನೆ ಮುಟ್ಟಿಸಿದರೆ ಅದು ಹಿಡಿಯುವುದಿಲ್ಲ. ಮುಟ್ಟಿಸಿ, ಒಂದು ಎಳೆಯಷ್ಟು ಪಕ್ಕಕ್ಕೆ ಜಗ್ಗಬೇಕು. ಆಗ ಹಿಡಿಯುತ್ತದೆ. ಕೂದಲಿನ ಕೋನವನ್ನು ಸುಮಾರು 30 ಡಿಗ್ರಿ ದಾಟಿಸಿದರೆ ಅದಾಗಿಯೇ ಬಿಡುತ್ತದೆ. ಗಾಜಿನ ಮೇಲೆ ನಾನು ನೋಡಿದ ಆ ಸುರುಳಿ ಇದೇ. ಅಂದರೆ ಹಲ್ಲಿಯ ಹಿಡಿತಕ್ಕೆ ಒಂದು ಸ್ವಿಚ್ ಇದೆ. ಜಗ್ಗಿದರೆ ಆನ್, ಸಡಿಲ ಬಿಟ್ಟರೆ ಆಫ್. ಒತ್ತಡ ಬೇಡ. ಗಾಳಿ ಬೇಡ. ಈಗ ಬಾಹ್ಯಾಕಾಶಕ್ಕೆ ಎಂಥ ಕೈ ಬೇಕು ಅಂದಿದ್ದೆವು ಅನ್ನುವುದನ್ನು ನೆನಪಿಸಿಕೊಳ್ಳಿ. ಹೆಚ್ಚೂಕಡಿಮೆ ಅದೇ ಇದು.

ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಮಾರ್ಕ್ ಕಟ್ಕೋಸ್ಕಿ ಅವರ ಪ್ರಯೋಗಾಲಯ ಮತ್ತು ನಾಸಾದ ಜೆಟ್ ಪ್ರೊಪಲ್ಷನ್ ಲ್ಯಾಬೊರೇಟರಿಯ ಎಂಜಿನಿಯರುಗಳು ಇದನ್ನು ರಬ್ಬರಿನಲ್ಲಿ ಮಾಡಿದರು. ಹಲ್ಲಿಯ ಕೂದಲನ್ನು ಹಾಗೇ ನಕಲು ಮಾಡಲಿಲ್ಲ, ಅದು ಆಗುವ ಕೆಲಸವೂ ಅಲ್ಲ. ಬರಿಗಣ್ಣಿಗೆ ಬಿಡಿಯಾಗಿ ಕಾಣದಷ್ಟು ಸಣ್ಣ ಬೆಣೆಗಳ ಸಾಲು ಮಾಡಿದರು. ಎಲ್ಲ ಬೆಣೆಗಳೂ ಒಂದು ಕಡೆಗೆ ವಾಲಿವೆ. ಪಕ್ಕಕ್ಕೆ ಜಗ್ಗಿದರೆ ಬೆಣೆ ಬಾಗಿ ಮಲಗುತ್ತದೆ, ಅದರ ಇಡೀ ಬೆನ್ನು ಮೇಲ್ಮೈಗೆ ತಾಗಿ ಹಿಡಿಯುತ್ತದೆ. ಬಿಟ್ಟರೆ ಎದ್ದು ನಿಲ್ಲುತ್ತದೆ, ಹಿಡಿತ ಹೋಗುತ್ತದೆ.

ಆದರೆ ತೇಲುವ ವಸ್ತುವನ್ನು ಪಕ್ಕಕ್ಕೆ ಜಗ್ಗಿದರೆ ಅದೂ ಪಕ್ಕಕ್ಕೆ ಬರುತ್ತದಲ್ಲ? ಒಳ್ಳೆಯ ಪ್ರಶ್ನೆ, ಹಿಂದಿನ ಸಾಲಿನಿಂದ ಬಂತು. ಅದಕ್ಕೆ ಅವರು ಪಟ್ಟಿಗಳನ್ನು ಜೋಡಿಯಾಗಿ, ಎದುರುಬದುರು ಇಟ್ಟರು. ನಿಮ್ಮ ಎರಡೂ ಅಂಗೈಗಳನ್ನು ಮೇಜಿನ ಮೇಲೆ ಹಗುರವಾಗಿ ಇಟ್ಟು, ಒಂದರ ಕಡೆಗೆ ಇನ್ನೊಂದನ್ನು ಎಳೆಯಿರಿ. ಮೇಜು ಎಲ್ಲೂ ಹೋಗುವುದಿಲ್ಲ, ಯಾಕೆಂದರೆ ಎರಡು ಎಳೆತಗಳು ಒಂದನ್ನೊಂದು ಕಳೆದುಹಾಕುತ್ತವೆ. ಆದರೆ ಅಂಗೈಗೆ ಜಗ್ಗಾಟ ಸಿಗುತ್ತದೆ. ಒಂದು ತೆಳು ತಂತಿಯನ್ನು ಬಿಗಿದರೆ ಸಾಕು, ಇಡೀ ಕೈ ಹಿಡಿಯುತ್ತದೆ. ತಂತಿ ಸಡಿಲಿಸಿದರೆ ಬಿಡುತ್ತದೆ. ಇಷ್ಟು ಸರಳವಾದ ಉಪಾಯ ನೋಡಿದಾಗ ನನಗೆ ನಿಜವಾಗಿ ರೋಮಾಂಚನವಾಗಿತ್ತು.

2017ರಲ್ಲಿ ಈ ತಂಡ ತನ್ನ ಫಲಿತಾಂಶ ಪ್ರಕಟಿಸಿತು. ಗಾಳಿಯ ಪದರದ ಮೇಲೆ ಜಾರುವ, ಒಂದೊಂದೂ ಸುಮಾರು 370 ಕಿಲೋ ತೂಗುವ ಎರಡು ರೋಬಾಟುಗಳು. ಒಂದು ಇನ್ನೊಂದನ್ನು ಈ ಹಲ್ಲಿ ಕೈಯಿಂದ ಹಿಡಿಯಿತು. ಸ್ವಲ್ಪ ಹೊತ್ತು ತೂಕವಿಲ್ಲದ ಸ್ಥಿತಿ ಸಿಗುವ ಹಾಗೆ ಏರಿ ಇಳಿಯುವ ವಿಮಾನದಲ್ಲೂ ಪರೀಕ್ಷೆ ನಡೆಯಿತು. ಚಪ್ಪಟೆ ಫಲಕಕ್ಕೆ ನಡುವಿನ ಪಟ್ಟಿಗಳು, ಉರುಟು ಟ್ಯಾಂಕಿಗೆ ಪಕ್ಕದಿಂದ ತಬ್ಬುವ ತೆಳು ಹಾಳೆಗಳು. 2021ರಲ್ಲಿ ಬಾಹ್ಯಾಕಾಶ ನಿಲ್ದಾಣದೊಳಗೆ ತೇಲಾಡುವ ಆಸ್ಟ್ರೋಬೀ ಅನ್ನುವ ಡಬ್ಬಿಯಂಥ ರೋಬಾಟಿಗೂ ಈ ಕೈ ಜೋಡಿಸಿ ನೋಡಿದರು.

ಇಲ್ಲಿ ಸ್ವಲ್ಪ ಪಕ್ಕಕ್ಕೆ ಹೋಗುತ್ತೇನೆ. ಪ್ರಕೃತಿಯಿಂದ ಕಲಿಯುವುದು ಅಂದರೆ ಕಂಡದ್ದನ್ನೆಲ್ಲ ನಕಲು ಮಾಡುವುದಲ್ಲ. ಆಕ್ಟೋಪಸ್ ನೋಡಿ. ಎಂಟು ತೋಳು, ಸಾಲು ಸಾಲು ಬಟ್ಟಲುಗಳು, ಕಲ್ಲನ್ನು ಕಚ್ಚಿ ಹಿಡಿದರೆ ಬಿಡದು. ಹಿಡಿಯುವುದರಲ್ಲಿ ಅದನ್ನು ಮೀರಿಸುವವರಿಲ್ಲ ಅನಿಸುತ್ತದೆ. ಆದರೆ ಆ ಬಟ್ಟಲು ಕೆಲಸ ಮಾಡುವುದು ಹೊರಗಿನ ನೀರು ಒತ್ತುವುದರಿಂದ. ಒಳಗೆ ಒತ್ತಡ ಕಡಿಮೆ, ಹೊರಗೆ ಜಾಸ್ತಿ. ನಿರ್ವಾತದಲ್ಲಿ ಹೊರಗೆ ಒತ್ತುವುದಕ್ಕೆ ಏನಿದೆ? ಏನೂ ಇಲ್ಲ. ಅಲ್ಲಿ ಆಕ್ಟೋಪಸ್ಸಿನ ಬಟ್ಟಲು ಸೋಲುತ್ತದೆ, ಹಲ್ಲಿಯ ಕೂದಲು ಗೆಲ್ಲುತ್ತದೆ. ಒಂದು ಜೀವಿ ಮಾಡುವ ಕೆಲಸದ ಹಿಂದೆ ಯಾವ ಬಲ ಇದೆ ಅಂತ ಮೊದಲು ತಿಳಿಯಬೇಕು. ಆಮೇಲೆ ಆ ಬಲ ನಮಗೆ ಬೇಕಾದ ಜಾಗದಲ್ಲಿ ಇದೆಯೇ ಅಂತ ಕೇಳಬೇಕು.

ಆದರೆ ಆಕ್ಟೋಪಸ್ಸಿನ ತೋಳನ್ನು ಕೈಬಿಡಬೇಕಾಗಿಲ್ಲ. ಮೂಳೆಯಿಲ್ಲದೆ ಎಲ್ಲಿ ಬೇಕಾದರೂ ಬಾಗುವ ತೋಳು ಆಕಾರ ಗೊತ್ತಿಲ್ಲದ ವಸ್ತುವಿಗೆ ತುಂಬ ಒಳ್ಳೆಯದು. ಅಮೆರಿಕದ ಕಾಲ್ ಮಾರಿಸ್ ಅನ್ನುವ ಸಂಸ್ಥೆ ಎರಡನ್ನೂ ಕೂಡಿಸಿದೆ. ಆಕ್ಟೋಪಸ್ಸಿನಂತೆ ಸುತ್ತುವ ತೋಳುಗಳು, ತೋಳಿನ ಒಳಬದಿಗೆ ಹಲ್ಲಿಯ ಪಟ್ಟಿಗಳು. ಇದನ್ನೂ ಬಾಹ್ಯಾಕಾಶ ನಿಲ್ದಾಣದೊಳಗೆ ಆಸ್ಟ್ರೋಬೀ ಮೇಲೆ ಪರೀಕ್ಷಿಸಿದ್ದಾರೆ. ಸಮುದ್ರದ ಜೀವಿಯ ತೋಳಿಗೆ ಗೋಡೆಯ ಜೀವಿಯ ಚರ್ಮ.

ಈಗ ಜೇಡಕ್ಕೆ ಬರೋಣ. ಬಲೆ ಅಂದ ಕೂಡಲೇ ನಮ್ಮ ಕಣ್ಣಿಗೆ ಬರುವುದು ಮೂಲೆಯಲ್ಲಿ ಕಟ್ಟಿದ ಚಕ್ರದಂಥ ಬಲೆ. ಜೇಡ ಕಾಯುತ್ತದೆ, ಹುಳ ಬಂದು ಬೀಳುತ್ತದೆ. ಆದರೆ ಬಲೆ ಎಸೆಯುವ ಜೇಡಗಳೂ ಇವೆ. ಡೈನೋಪಿಸ್ ಅಂತ ಅದರ ಹೆಸರು. ರಾತ್ರಿ ತಲೆಕೆಳಗಾಗಿ ನೇತಾಡುತ್ತದೆ. ಮುಂದಿನ ನಾಲ್ಕು ಕಾಲುಗಳಲ್ಲಿ ಅಂಚೆಚೀಟಿಯಷ್ಟು ಸಣ್ಣ ಬಲೆಯನ್ನು ಹಿಡಿದುಕೊಂಡಿರುತ್ತದೆ. ಕೆಳಗೆ ಹುಳ ನಡೆದು ಬಂದರೆ ಸರಕ್ಕನೆ ಕಾಲು ಅಗಲಿಸುತ್ತದೆ. ಬಲೆ ಹಿಗ್ಗಿ ಹಲವು ಪಟ್ಟು ದೊಡ್ಡದಾಗುತ್ತದೆ, ಹುಳದ ಮೇಲೆ ಬೀಳುತ್ತದೆ. ಆ ಬಲೆಗೆ ಅಂಟಿನ ಹನಿಗಳೂ ಇಲ್ಲ. ಉಣ್ಣೆಯ ಹಾಗೆ ಬಾಚಿದ ತೀರಾ ಸಣ್ಣ ಎಳೆಗಳು ಹುಳದ ಕಾಲಿನ ರೋಮಕ್ಕೆ ಸಿಕ್ಕಿಕೊಳ್ಳುತ್ತವೆ.

2018ರ ಸೆಪ್ಟೆಂಬರಿನಲ್ಲಿ ಮನುಷ್ಯರು ಕಕ್ಷೆಯಲ್ಲಿ ಇದೇ ಕೆಲಸ ಮಾಡಿದರು. ಬ್ರಿಟನ್ನಿನ ಸರ್ರೆ ವಿಶ್ವವಿದ್ಯಾಲಯ ಮುಂದೆ ನಿಂತು ನಡೆಸಿದ ರಿಮೂವ್‌ಡೆಬ್ರಿಸ್ ಯೋಜನೆ. ಸುಮಾರು 100 ಕಿಲೋ ತೂಕದ ಒಂದು ನೌಕೆ ಮೊದಲು ತಾನೇ ಒಂದು ಪುಟ್ಟ ಡಬ್ಬಿಯನ್ನು ಹೊರಕ್ಕೆ ಬಿಟ್ಟಿತು. ಡಬ್ಬಿ ಬಲೂನಿನಂತೆ ಊದಿಕೊಂಡಿತು. ಅದು ಸುಮಾರು 7 ಮೀಟರ್ ದೂರ ಹೋದಾಗ ನೌಕೆ ಬಲೆ ಎಸೆಯಿತು. ಬಲೆಯ ಅಂಚಿನಲ್ಲಿ ತೂಕದ ಗುಂಡುಗಳು. ಅವು ಹರಡಿಕೊಂಡು ಹೋಗಿ ಡಬ್ಬಿಯ ಹಿಂದೆ ಸುತ್ತಿಕೊಂಡವು. ಅದರ ವಿಡಿಯೊ ನೋಡಿದವರು ಆ ಕ್ಷಣವನ್ನು ಮರೆಯುವುದಿಲ್ಲ. ಕಪ್ಪು ಆಕಾಶ, ಗಿರಕಿ ಹೊಡೆಯುವ ಒಂದು ಬಿಳಿ ವಸ್ತು, ಅದರ ಮೇಲೆ ಮಂಜಿನ ಹಾಗೆ ಬಂದು ಕವಿಯುವ ಬಲೆ.

ಬಲೆಯ ದೊಡ್ಡ ಲಾಭ ಏನು? ವಸ್ತು ಯಾವ ಆಕಾರದಲ್ಲಿದ್ದರೂ, ಹೇಗೆ ತಿರುಗುತ್ತಿದ್ದರೂ ನಡೆಯುತ್ತದೆ. ದೂರದಲ್ಲೇ ನಿಂತು ಎಸೆಯಬಹುದು. ಆದರೆ ಎಸೆದ ಬಲೆಯನ್ನು ವಾಪಸು ಕರೆಯಲು ಆಗುವುದಿಲ್ಲ. ಗುರಿ ತಪ್ಪಿದರೆ ಬಲೆಯೇ ಇನ್ನೊಂದು ಕಸ. ಹಿಡಿದ ಮೇಲೂ ಹಗ್ಗದ ತುದಿಯಲ್ಲಿ ತಿರುಗುವ ವಸ್ತು ಎಳೆದವರನ್ನೇ ತಿರುಗಿಸಬಹುದು. ಜೇಡರ ಬಲೆಯಲ್ಲಿ ಇದಕ್ಕೆ ಒಂದು ಉತ್ತರ ಇದೆ. ಚಕ್ರದಂಥ ಬಲೆಗೆ ಹುಳ ಬಡಿದಾಗ ಅದು ರಬ್ಬರಿನಂತೆ ವಾಪಸು ಚಿಮ್ಮುವುದಿಲ್ಲ. ಎಳೆ ಹಿಗ್ಗುತ್ತದೆ, ಆ ಶಕ್ತಿಯ ದೊಡ್ಡ ಪಾಲು ಶಾಖವಾಗಿ ಹೋಗಿಬಿಡುತ್ತದೆ. ಹುಳ ನಿಲ್ಲುತ್ತದೆ. ಚಿಮ್ಮಿಸದೆ ನಿಲ್ಲಿಸುವ ಹಗ್ಗ, ಅದೂ ಚಳಿ ಬಿಸಿಲಿನ ನಡುವೆ ಗುಣ ಕಳೆದುಕೊಳ್ಳದ ಹಗ್ಗ ನಮಗೆ ಬೇಕು.

ಅದೇ ನೌಕೆ 2019ರ ಫೆಬ್ರವರಿಯಲ್ಲಿ ಒಂದು ಈಟಿಯನ್ನೂ ಹಾರಿಸಿ, ಮುಂದೆ ಚಾಚಿದ ಫಲಕಕ್ಕೆ ಚುಚ್ಚಿತು. ಚುಚ್ಚಿತು ನಿಜ. ಆದರೆ ಇಂಧನ ಉಳಿದಿರುವ ಟ್ಯಾಂಕಿಗೆ ಈಟಿ ತಾಗಿದರೆ? ಕಸ ತೆಗೆಯಲು ಹೋಗಿ ಕಸ ಮಾಡಿದ ಹಾಗೆ. ನನಗಂತೂ ಈಟಿಯ ಮೇಲೆ ಅಷ್ಟು ಭರವಸೆ ಇಲ್ಲ.

ಬಲೆಯ ಮಾತು ಬಂದಾಗ ಜಪಾನಿನ ಒಂದು ಪ್ರಯತ್ನ ಹೇಳಲೇಬೇಕು. ಅಲ್ಲಿನ ಬಾಹ್ಯಾಕಾಶ ಸಂಸ್ಥೆ ಜಾಕ್ಸಾ ಒಂದು ಉದ್ದನೆಯ ಲೋಹದ ಎಳೆ ಮಾಡಿಸಿತು. 700 ಮೀಟರ್ ಉದ್ದ. ಮಾಡಿಕೊಟ್ಟದ್ದು ಮೀನು ಹಿಡಿಯುವ ಬಲೆ ನೇಯುವ ಕಂಪನಿ! ಸತ್ತ ಉಪಗ್ರಹಕ್ಕೆ ಅಂಥ ಎಳೆ ಕಟ್ಟಿ ಇಳಿಬಿಟ್ಟರೆ, ಅದು ಭೂಮಿಯ ಕಾಂತಕ್ಷೇತ್ರದಲ್ಲಿ ಸಾಗುವಾಗ ಅದರಲ್ಲಿ ವಿದ್ಯುತ್ ಹರಿಯುತ್ತದೆ. ಆ ವಿದ್ಯುತ್ತಿನ ಮೇಲೆ ಕಾಂತಕ್ಷೇತ್ರ ಹಿಮ್ಮುಖವಾಗಿ ತಳ್ಳುತ್ತದೆ. ಇಂಧನವೇ ಇಲ್ಲದೆ ಬ್ರೇಕ್ ಬೀಳುತ್ತದೆ. ಮರಿ ಜೇಡಗಳು ಎಳೆ ಬಿಟ್ಟು ಗಾಳಿಯಲ್ಲಿ ತೇಲಿ ಹೋಗುವುದನ್ನು ನೀವು ನೋಡಿರಬಹುದು. ಗಾಳಿ ಇಲ್ಲದಿದ್ದರೂ ಬರೀ ವಾತಾವರಣದ ವಿದ್ಯುತ್ ಕ್ಷೇತ್ರಕ್ಕೆ ಅವು ಮೇಲೇಳಬಲ್ಲವು ಅಂತ 2018ರಲ್ಲಿ ಬ್ರಿಸ್ಟಲ್ಲಿನ ಸಂಶೋಧಕರು ತೋರಿಸಿದರು. ಎರಡರ ಭೌತವಿಜ್ಞಾನ ಒಂದೇ ಅಲ್ಲ. ಆದರೂ ಒಂದು ತೆಳು ಎಳೆ, ಕಣ್ಣಿಗೆ ಕಾಣದ ಒಂದು ಕ್ಷೇತ್ರ, ಅದರ ಆಸರೆಯಲ್ಲಿ ಪಯಣ. ಜಪಾನಿನ ಎಳೆ 2016ರ ಡಿಸೆಂಬರಿನಲ್ಲಿ ಕಕ್ಷೆಗೇನೋ ಹೋಯಿತು. ಅಲ್ಲಿ ಬಿಚ್ಚಿಕೊಳ್ಳಲಿಲ್ಲ. ಬಾಹ್ಯಾಕಾಶದಲ್ಲಿ ಬಿಚ್ಚುವುದು ಅಷ್ಟು ಕಷ್ಟ. ಇದು ನೆನಪಿರಲಿ, ಮತ್ತೆ ಇಲ್ಲಿಗೆ ಬರುತ್ತೇನೆ.

ಕೈ ಆಯಿತು. ಕಣ್ಣು? ಹಿಡಿಯುವ ಮುಂಚೆ ಹತ್ತಿರ ಹೋಗಬೇಕಲ್ಲ. ಮೇಲೆ ನೆರಳು ಅಂದರೆ ಕಡುಗಪ್ಪು, ಬೆಳಕು ಅಂದರೆ ಕಣ್ಣು ಕುಕ್ಕುವ ಬಿಳಿ. ಹೊಳೆಯುವ ಹೊದಿಕೆಯಲ್ಲಿ ಸೂರ್ಯ ಹತ್ತು ಕಡೆ ಮಿಂಚುತ್ತಾನೆ. ಸತ್ತ ಉಪಗ್ರಹ ತಾನು ಎಲ್ಲಿದ್ದೇನೆ ಅಂತ ಹೇಳುವುದೂ ಇಲ್ಲ.

ಜೇನ್ನೊಣ ಹೂವಿನ ಮೇಲೆ ಇಳಿಯುವುದನ್ನು ಮಂಡ್ಯಂ ಶ್ರೀನಿವಾಸನ್ ಮತ್ತು ಸಂಗಡಿಗರು ಆಸ್ಟ್ರೇಲಿಯಾದಲ್ಲಿ ವರ್ಷಗಟ್ಟಲೆ ಅಧ್ಯಯನ ಮಾಡಿದರು. ಜೇನ್ನೊಣದ ಮಿದುಳು ಸಾಸಿವೆ ಕಾಳಿನಷ್ಟು ಸಣ್ಣದು. ದೂರ ಅಳೆಯುವ ಲೇಸರ್ ಅದಕ್ಕಿಲ್ಲ. ಅದು ಮಾಡುವುದು ಒಂದೇ ಕೆಲಸ. ಕೆಳಗಿನ ನೋಟ ಕಣ್ಣಿನಲ್ಲಿ ಹಿಂದಕ್ಕೆ ಹರಿಯುವ ವೇಗವನ್ನು ಒಂದೇ ಸಮ ಇಟ್ಟುಕೊಳ್ಳುತ್ತದೆ. ನೆಲ ಹತ್ತಿರ ಬಂದಷ್ಟೂ ನೋಟ ಬೇಗ ಹರಿಯುತ್ತದೆ. ಅದನ್ನು ಸಮ ಇಡಬೇಕಾದರೆ ತಾನೇ ನಿಧಾನವಾಗಬೇಕು. ಹೀಗೆ ದೂರವೂ ಗೊತ್ತಿಲ್ಲದೆ, ವೇಗವೂ ಗೊತ್ತಿಲ್ಲದೆ, ಮುಟ್ಟುವ ಹೊತ್ತಿಗೆ ಸರಿಯಾಗಿ ವೇಗ ಸೊನ್ನೆಗೆ ಬರುತ್ತದೆ. ಎಷ್ಟು ಸಲ ಹೇಳಿದರೂ ನನಗೆ ಬೇಸರ ಬಾರದ ವಿಷಯ ಇದು. ಇದೇ ಸೂತ್ರದಿಂದ ಡ್ರೋನುಗಳನ್ನು ಇಳಿಸಿದ್ದಾರೆ. ಚಂದ್ರನ ಮೇಲೆ ಇಳಿಯಲು ಬರುತ್ತದೆಯೇ ಅಂತ ಯುರೋಪಿನಲ್ಲಿ ಅಧ್ಯಯನ ನಡೆದಿದೆ. ಒಂದು ಕ್ಯಾಮೆರಾ, ಸ್ವಲ್ಪ ಲೆಕ್ಕ, ಅಷ್ಟೇ ಸಾಕು ಅನ್ನುವುದು ಸಣ್ಣ ನೌಕೆಗಳಿಗೆ ದೊಡ್ಡ ವರ.

ಏರೋಪ್ಲೇನ್ ಚಿಟ್ಟೆಯ ವಿದ್ಯೆ ಇನ್ನೊಂದು. ಅದು ಸೊಳ್ಳೆಯ ಹಿಂದೆ ಓಡುವುದಿಲ್ಲ. ಸೊಳ್ಳೆ ಎಲ್ಲಿರುತ್ತದೋ ಅಲ್ಲಿಗೆ ಮುಂಚೆಯೇ ಹೋಗುತ್ತದೆ. ಹಾಗೆ ಹೋಗುತ್ತಾ ತನ್ನ ಮೈ ತಿರುಗಿದರೆ ನೋಟ ಎಷ್ಟು ಸರಿಯುತ್ತದೆ ಅನ್ನುವುದನ್ನೂ ಮೊದಲೇ ಲೆಕ್ಕ ಹಾಕಿಕೊಂಡಿರುತ್ತದೆ. ತಿರುಗುವ ಉಪಗ್ರಹದ ಒಂದು ಮೂಲೆಯನ್ನು ಹಿಡಿಯಬೇಕಾದರೆ ಬೇಕಾದ್ದು ಇದೇ ವಿದ್ಯೆ. ಕೈ ಚಾಚುವ ಹೊತ್ತಿಗೆ ಆ ಮೂಲೆ ಎಲ್ಲಿರುತ್ತದೆ ಅಂತ ಮೊದಲೇ ತಿಳಿದಿರಬೇಕು.

ಹತ್ತಿರ ಹೋಗುವ ಕೆಲಸ ಈಗ ನಿಜವಾಗಿಯೂ ಆಗಿದೆ. 2024ರಲ್ಲಿ ಜಪಾನಿನ ಆಸ್ಟ್ರೋಸ್ಕೇಲ್ ಕಂಪನಿಯ ನೌಕೆ ಎಡ್ರಾಸ್-ಜೆ, 2009ರಿಂದ ಸುಮ್ನೆ ಸುತ್ತುತ್ತಿದ್ದ ಒಂದು ರಾಕೆಟ್ ಹಂತವನ್ನು ಹುಡುಕಿಕೊಂಡು ಹೋಯಿತು. 11 ಮೀಟರ್ ಉದ್ದ, ಸುಮಾರು 3 ಟನ್ ತೂಕದ ಕೊಳವೆ. ನೌಕೆ ಅದರ ಸುತ್ತ ಸುತ್ತಿ ಫೋಟೊ ತೆಗೆಯಿತು. ಸುಮಾರು 15 ಮೀಟರ್ ವರೆಗೆ ಹೋಯಿತು. ಮುಟ್ಟಲಿಲ್ಲ, ಮುಟ್ಟುವುದು ಅದರ ಕೆಲಸವೂ ಆಗಿರಲಿಲ್ಲ. ಆ ಫೋಟೊದಲ್ಲಿ ಹದಿನೈದು ವರ್ಷದ ಬಿಸಿಲು ಕಂಡ ಆ ಕೊಳವೆ ಎಷ್ಟು ಒಂಟಿಯಾಗಿ ಕಾಣುತ್ತದೆ ಅಂದರೆ, ಹೋಗಿ ಮನೆಗೆ ಕರೆತರಬೇಕು ಅನಿಸುತ್ತದೆ.

ಈಗ ಬಿಚ್ಚುವ ಮಾತು. ಮುಂದೆ ಕಳಿಸುವ ಉಪಗ್ರಹಗಳು ತಾವೇ ಕೆಳಗೆ ಬರುವ ಹಾಗೆ ಮಾಡಿದರೆ ಹಿಡಿಯುವ ತೊಂದರೆಯೇ ಇಲ್ಲ. 600 ಕಿಲೋಮೀಟರ್ ಎತ್ತರದ ಕೆಳಗೆ ತೆಳುವಾದ ಗಾಳಿ ಸ್ವಲ್ಪ ಇದ್ದೇ ಇದೆ, ಕೆಲವು ವರ್ಷಗಳಲ್ಲಿ ಕಸ ತಾನೇ ಬೀಳುತ್ತದೆ. 800 ಕಿಲೋಮೀಟರಿನಲ್ಲಿ ಶತಮಾನಗಳು ಬೇಕು. 1,000 ದಾಟಿದರೆ ಸಾವಿರ ವರ್ಷ, ಅಥವಾ ಅದಕ್ಕೂ ಜಾಸ್ತಿ. ಕೆಳಗಿನ ಎತ್ತರಗಳಲ್ಲಿ ಉಪಗ್ರಹ ಕೊನೆಗಾಲದಲ್ಲಿ ಒಂದು ಪಟ ಬಿಚ್ಚಿಕೊಂಡರೆ ಗಾಳಿಯ ತಡೆ ಹೆಚ್ಚಿ ಬೇಗ ಇಳಿಯುತ್ತದೆ. ಆದರೆ ಆ ಪಟ ವರ್ಷಗಟ್ಟಲೆ ಪುಟ್ಟ ಡಬ್ಬಿಯೊಳಗೆ ಮಡಚಿ ಕೂತಿದ್ದು, ಕೊನೆಯ ದಿನ ತಪ್ಪದೆ ಬಿಚ್ಚಬೇಕು. ರಿಮೂವ್‌ಡೆಬ್ರಿಸ್ ನೌಕೆಯ ಪಟವೂ ಸರಿಯಾಗಿ ಬಿಚ್ಚಲಿಲ್ಲ.

ಮಡಚುವುದರಲ್ಲಿ ಗುರು ಯಾರು ಗೊತ್ತಾ? ಲೇಡಿಬಗ್. ಕೆಂಪು ಮೈ ಮೇಲೆ ಕಪ್ಪು ಚುಕ್ಕೆ ಇರುವ ಆ ಪುಟ್ಟ ಹುಳ. ಅದರ ಹಾರುವ ರೆಕ್ಕೆ ಮೈಗಿಂತ ಉದ್ದ, ಆದರೂ ಕೆಂಪು ಮುಚ್ಚಳದ ಒಳಗೆ ಮಡಚಿ ಇಟ್ಟುಕೊಳ್ಳುತ್ತದೆ. ಹೇಗೆ ಮಡಚುತ್ತದೆ ಅನ್ನುವುದು ಬಹಳ ಕಾಲ ಕಾಣಲೇ ಇಲ್ಲ, ಯಾಕೆಂದರೆ ಮುಚ್ಚಳ ಮುಚ್ಚಿದ ಮೇಲೆ ಮಡಚುವುದು! ಟೋಕಿಯೊ ವಿಶ್ವವಿದ್ಯಾಲಯದ ಕಜುಯಾ ಸೈಟೊ ಮತ್ತು ಸಂಗಡಿಗರು ಒಂದು ಉಪಾಯ ಮಾಡಿದರು. ಉಗುರಿನ ಅಲಂಕಾರಕ್ಕೆ ಬಳಸುವ ಪಾರದರ್ಶಕ ರಾಳದಿಂದ ಒಂದು ಪುಟಾಣಿ ಮುಚ್ಚಳ ಮಾಡಿ, ಹುಳದ ಮುಚ್ಚಳದ ಜಾಗದಲ್ಲಿ ಕೂರಿಸಿದರು. ಕಿಟಕಿ ಇಟ್ಟ ಹಾಗೆ. ಹೊಟ್ಟೆಯನ್ನು ಮೇಲೆ ಕೆಳಗೆ ಆಡಿಸಿ ಹುಳ ರೆಕ್ಕೆಯನ್ನು ಒಳಕ್ಕೆ ಸೇದಿಕೊಳ್ಳುವುದು ಕಂಡಿತು. ರೆಕ್ಕೆಯ ನರ ನಮ್ಮ ಅಳತೆಪಟ್ಟಿಯಂತೆ ಬಾಗಿದ ತಗಡಿನ ಆಕಾರದಲ್ಲಿದೆ. ಬಿಟ್ಟರೆ ಚಟ್ಟನೆ ನೇರವಾಗುತ್ತದೆ, ಗಟ್ಟಿಯಾಗಿ ನಿಲ್ಲುತ್ತದೆ. ಮೋಟಾರು ಬೇಡ, ಕೀಲು ಬೇಡ. 2017ರಲ್ಲಿ ಇದನ್ನು ಪ್ರಕಟಿಸಿದಾಗ ಬಾಹ್ಯಾಕಾಶದಲ್ಲಿ ಬಿಚ್ಚುವ ರಚನೆಗಳಿಗೆ ಇದು ನೆರವಾಗಬಹುದು ಅಂತ ಅವರೇ ಹೇಳಿದ್ದರು.

ಒಬ್ಬರು ಚೀಟಿಯಲ್ಲಿ ಕೇಳಿದ್ದಾರೆ: ಯಾರ ಕಸವನ್ನು ಯಾರು ಬೇಕಾದರೂ ತೆಗೆಯಬಹುದೇ? ಇಲ್ಲ. 1967ರ ಬಾಹ್ಯಾಕಾಶ ಒಪ್ಪಂದದ ಪ್ರಕಾರ ಮೇಲೆ ಕಳಿಸಿದ ವಸ್ತುವಿನ ಮೇಲಿನ ಹಕ್ಕು ಅದು ಸತ್ತ ಮೇಲೂ ಹೋಗುವುದಿಲ್ಲ. ಒಡೆಯರ ಒಪ್ಪಿಗೆ ಬೇಕೇ ಬೇಕು. ಅದಕ್ಕೇ ಮೊದಲ ಪ್ರಯೋಗಗಳೆಲ್ಲ ತಮ್ಮ ದೇಶದ, ತಮ್ಮ ಸಂಸ್ಥೆಯ ಕಸದ ಮೇಲೇ ನಡೆಯುತ್ತಿವೆ.

ಇನ್ನೊಂದು ಚೀಟಿ: ಕೆಳಗೆ ತಂದು ಸುಟ್ಟರೆ ಹೊಗೆ ಎಲ್ಲಿಗೆ ಹೋಗುತ್ತದೆ? ಈ ಪ್ರಶ್ನೆ ಕೇಳಿದವರಿಗೆ ನಾನು ಕೃತಜ್ಞ. 2023ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ವಾಯುಮಂಡಲದ ಮೇಲಿನ ಪದರದ ಕಣಗಳನ್ನು ನೋಡಿದಾಗ ಸುಮಾರು 10%ರಲ್ಲಿ ಅಲ್ಯೂಮಿನಿಯಂ ಮತ್ತು ಬೇರೆ ಲೋಹಗಳು ಸಿಕ್ಕವು. ಸುಟ್ಟ ಉಪಗ್ರಹಗಳ, ರಾಕೆಟ್ಟುಗಳ ಬೂದಿ ಅದು. ಕಸ ಮೇಲಿನಿಂದ ಇಳಿದು ಗಾಳಿಗೆ ಬಂತು ಅಷ್ಟೆ. ಕ್ಯೋಟೋ ವಿಶ್ವವಿದ್ಯಾಲಯದವರು ಇದಕ್ಕೆ ಬೇರೆಯೇ ದಾರಿ ಹಿಡಿದರು. ಮರದ ಉಪಗ್ರಹ! ಲಿಗ್ನೋಸ್ಯಾಟ್ ಅಂತ ಹೆಸರು. ಅಂಗೈಯಲ್ಲಿ ಕೂರುವ 10 ಸೆಂಟಿಮೀಟರಿನ ಪೆಟ್ಟಿಗೆ, ಮ್ಯಾಗ್ನೋಲಿಯಾ ಮರದ್ದು. ತಿರುಪೂ ಇಲ್ಲ, ಅಂಟೂ ಇಲ್ಲ, ಹಳೆಯ ಬಡಗಿಗಳ ಹಾಗೆ ಹಲಗೆಗೆ ಹಲಗೆ ಕಚ್ಚಿಸಿ ಜೋಡಿಸಿದ್ದು. 2024ರ ನವೆಂಬರಿನಲ್ಲಿ ಮೇಲೆ ಹೋಯಿತು. ನಿರ್ವಾತದಲ್ಲಿ ಮರ ಕೊಳೆಯುವುದಿಲ್ಲ, ಹೊತ್ತಿಕೊಳ್ಳುವುದೂ ಇಲ್ಲ. ಗಾಳಿಗೆ ಇಳಿದಾಗ ಮಾತ್ರ ಉರಿಯುತ್ತದೆ, ಲೋಹದ ಬೂದಿ ಬಿಡದೆ.

ಕೊನೆಯ ಚೀಟಿ ಒಬ್ಬ ಹುಡುಗಿಯದು. ಆ 10 ಲಕ್ಷ ಸಣ್ಣ ಚೂರುಗಳನ್ನು ಯಾವ ಪ್ರಾಣಿ ಹಿಡಿಯುತ್ತದೆ ಅಂತ ಕೇಳಿದ್ದಾಳೆ. ಸದ್ಯಕ್ಕೆ ಯಾವುದೂ ಇಲ್ಲ, ಪುಟ್ಟಿ. ಹಲ್ಲಿಯ ಕೈ ಒಂದು ದೊಡ್ಡ ವಸ್ತುವಿನ ಪಕ್ಕಕ್ಕೆ ಹೋಗಿ ನಿಲ್ಲಬಲ್ಲದು. ಲಕ್ಷಾಂತರ ಚೂರುಗಳು ಲಕ್ಷಾಂತರ ಕಕ್ಷೆಗಳಲ್ಲಿ ಓಡುವಾಗ ಒಂದೊಂದರ ಪಕ್ಕಕ್ಕೂ ಹೋಗಿ ನಿಲ್ಲಲು ಇಂಧನ ಸಾಲದು. ಅವನ್ನು ನೆಲದಿಂದ ಗುರುತಿಸುವುದೇ ಇನ್ನೂ ಕಷ್ಟ. ನಿನ್ನ ಪ್ರಶ್ನೆಯನ್ನು ಹಾಗೇ ಇಟ್ಟುಕೋ. ಈಗ ಬಾ, ನಿನಗೂ ಒಂದು ಸಲ ಆ ಚೆಂಡು ಹಿಡಿಯುವ ಅವಕಾಶ ಕೊಡೋಣ. ಈ ಸಲ ಎರಡು ಬೆರಳು, ಎದುರುಬದುರು, ಒತ್ತದೆ.